ಸ್ವೀಡನ್ನಿನ ಕಡಲು ಚಂದ, ಸರಿ. ಅದಕ್ಕೆ ನಮ್ಮವರನ್ನು ಯಾಕೆ ಬೈಯುತ್ತೀರಿ?

ಯುರೋಪ್ ಟೂರ್ ಮುಗಿಸಿ ಬಂದವರ ಹತ್ತಿರ ಒಂದು ರೆಡಿಮೇಡ್ ಭಾಷಣ ಇರುತ್ತದೆ, ಗಮನಿಸಿದ್ದೀರಾ? "ಏನು ಕ್ಲೀನು ಅಂತೀರಿ! ಒಂದು ಕಾಗದದ ಚೂರು ಬಿದ್ದಿಲ್ಲ. ನಮ್ಮವರಿಗೆ ಇನ್ನೂ ಇನ್ನೂರು ವರ್ಷ ಹೋದರೂ ಬರೋದಿಲ್ಲ ಬಿಡಿ ಆ ಡಿಸಿಪ್ಲಿನ್ನು. ಅದು ರಕ್ತದಲ್ಲೇ ಬರಬೇಕು." ಮುಂಬಯಿಯ ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಈ ಭಾಷಣ ಒಂದು ಸಲವಾದರೂ ಕಿವಿಗೆ ಬೀಳುತ್ತದೆ. ಪುಣೆ, ಹೈದರಾಬಾದ್, ದಿಲ್ಲಿಯ ಓದುಗರೇ, ನಿಮ್ಮಲ್ಲೂ ಇದೇ ಕ್ಯಾಸೆಟ್ಟು ಓಡುತ್ತಿರಬಹುದು. ಭಾಷಣ ಮಾಡಿದವರೇ ಹತ್ತು ನಿಮಿಷ ಬಿಟ್ಟು, ಊರ ಕಡೆ ಬೀಚ್ ಹತ್ತಿರ ಒಂದು ಪ್ಲಾಟ್ ನೋಡಿದ್ದೀನಿ, ಸಮುದ್ರ ನಮ್ಮ ಕಾಂಪೌಂಡಿಗೇ ತಾಗಿ ಇದೆ, ಹೊರಗಿನ ಒಂದು ನಾಯಿ ಸಹ ಒಳಗೆ ಬರೋ ಹಾಗಿಲ್ಲ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಈ ಎರಡು ಮಾತಿಗೂ ಏನು ಸಂಬಂಧ ಅಂತ ಅವರಿಗೆ ಹೊಳೆಯುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

2025ರ ಜುಲೈನಲ್ಲಿ ನಾನೂ ಹೋಗಿ ಬಂದೆ. ಮಗಳು ಗೋಥೆನ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಸಹೋದ್ಯೋಗಿಯ ತಂದೆತಾಯಿ ಪ್ರತಿ ಬೇಸಿಗೆ ತಮ್ಮ ಹಾಯಿದೋಣಿಯಲ್ಲಿ ಉತ್ತರಕ್ಕೆ, ನಾರ್ವೆಯ ಗಡಿಯ ತನಕ ಹೋಗುತ್ತಾರಂತೆ. "ಅಪ್ಪಾ, ನಿಮ್ಮನ್ನೂ ಅಮ್ಮನನ್ನೂ ಕರಿತಿದ್ದಾರೆ, ಹೋಗ್ತೀರಾ?" ಅಂದಳು. ನಾನು ಅಂಕೋಲೆ ಕಡೆಯವನು, ಕಡಲು ನೋಡಿಯೇ ಬೆಳೆದವನು. ಬೇಡ ಅನ್ನಲು ಕಾರಣ ಇರಲಿಲ್ಲ. (ನನ್ನಾಕೆಗೆ ಮಾತ್ರ ಮೊದಲ ದಿನ ಲಿಂಬೆಹಣ್ಣು ಮೂಸುತ್ತ ಕೂರಬೇಕಾಯಿತು. ಅದು ಬೇರೆ ಕಥೆ.)

ಸ್ವೀಡನ್ನಿನ ಈ ಪಶ್ಚಿಮ ಕರಾವಳಿಗೆ ಬೋಹುಸ್‌ಲೆನ್ ಅಂತ ಹೆಸರು. ಗೋಥೆನ್‌ಬರ್ಗ್‌ನಿಂದ ಗಡಿಯ ಹತ್ತಿರದ ಸ್ಟ್ರೋಮ್‌ಸ್ಟಾಡ್‌ಗೆ ಕಾರಿನಲ್ಲಿ ಸುಮಾರು ಎರಡು ತಾಸು. ನಮಗೆ ಒಂಬತ್ತು ದಿನ ಹಿಡಿಯಿತು! ಗಾಳಿ ಇದ್ದರೆ ತಾಸಿಗೆ ಐದು ನಾಟ್, ಅಂದರೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ನಮ್ಮ ಬೋರಿವಲಿ ಸ್ಲೋ ಲೋಕಲ್ ಇದಕ್ಕಿಂತ ಎಷ್ಟೋ ಫಾಸ್ಟು. ಗಾಳಿ ಬಿದ್ದರೆ ಅಲ್ಲೇ ಯಾವುದೋ ದ್ವೀಪದ ಮರೆಯಲ್ಲಿ ಲಂಗರು ಹಾಕಿ ಕಾಫಿ ಕುಡಿಯುವುದು. ಯಾರಿಗೂ ಅವಸರವಿಲ್ಲ. ರಾತ್ರಿ ಹತ್ತು ದಾಟಿದರೂ ಬೆಳಕು. ಕಡಲಲ್ಲಿ ಭರತ ಇಳಿತವೂ ಹೆಚ್ಚಿಲ್ಲ, ಒಂದು ಮೊಳದೊಳಗೇ ಏರಿಳಿತ. ಹಾಗಾಗಿ ದೋಣಿಯ ಮೂತಿಯನ್ನು ನೇರ ಬಂಡೆಗೆ ತಾಗಿಸಿ ನಿಲ್ಲಿಸುತ್ತಾರೆ. ಹಿಂದುಗಡೆಯಿಂದ ಲಂಗರು ಬಿಟ್ಟು, ಮುಂದೆ ಒಬ್ಬರು ಬಂಡೆಗೆ ಹಾರಿ, ಬಿರುಕಿನಲ್ಲಿ ಕಬ್ಬಿಣದ ಗೂಟ ಬಡಿದು ಹಗ್ಗ ಕಟ್ಟುವುದು. ದೋಣಿಯ ಯಜಮಾನರು ನಿವೃತ್ತ ಶಾಲಾ ಮೇಷ್ಟ್ರು, ಎಪ್ಪತ್ತು ದಾಟಿದೆ. ದೋಣಿಗೂ ಐವತ್ತರ ಹತ್ತಿರ ವಯಸ್ಸು. ಮೂವತ್ತೊಂದು ಅಡಿ, ಮಲಗಲು ನಾಲ್ಕು ಜಾಗ, ಒಂದು ಸ್ಟೋವ್. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸೇಲಿಂಗ್ ಅಂದಕೂಡಲೆ ನಮ್ಮವರು ಅಂಬಾನಿಯ ಯಾಟ್ ಕಲ್ಪನೆ ಮಾಡಿಕೊಳ್ಳುತ್ತಾರೆ. ಇದು ಹಾಗಲ್ಲ. ಹಳೇ ಫಿಯೆಟ್ ಕಾರನ್ನು ಜೋಪಾನ ಮಾಡಿ ಓಡಿಸುವ ಮನುಷ್ಯರಿರುತ್ತಾರಲ್ಲ, ಆ ಜಾತಿ.

ಚಂದವೇನೋ ಹೌದು. ಮಾರ್ಸ್‌ಟ್ರಾಂಡ್ ದ್ವೀಪದ ಮೇಲೆ ಕಾರ್ಲ್‌ಸ್ಟೆನ್ ಕೋಟೆ, ಊರೊಳಗೆ ಕಾರೇ ಇಲ್ಲ. ಆಮೇಲೆ ಕೆರಿಂಗೋನ್, ಗುಲ್‌ಹೋಲ್ಮೆನ್ ಅಂತ ಬಂಡೆಗೆ ಅಂಟಿಕೊಂಡ ಹಳ್ಳಿಗಳು, ಒಂದರ ಮೇಲೊಂದು ಬಿಳಿ ಮರದ ಮನೆ. ಸ್ಮೋಗೆನ್‌ನಲ್ಲಿ ನೀರಿನಂಚಿಗೆ ಉದ್ದಾನುದ್ದ ಹಲಗೆಯ ಹಾದಿ, ಸಿಗಡಿ ಅಂಗಡಿ, ಜುಲೈಯಲ್ಲಿ ನಮ್ಮ ದಾದರ್ ಮಾರ್ಕೆಟ್ಟಿನಷ್ಟೇ ಗಲಾಟೆ. ಅಲ್ಲಿಂದ ಮೇಲೆ ತೆರೆದ ಕಡಲು ಒರಟು, ಅದನ್ನು ತಪ್ಪಿಸಲು ಸೋಟೆನ್ ಕಾಲುವೆ. 1930ರ ದಶಕದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದೇ ಸರ್ಕಾರ ಬಂಡೆ ಕಡಿಸಿ ಮಾಡಿದ್ದು. ನಮ್ಮಲ್ಲಿ ಬರಗಾಲದ ಕಾಮಗಾರಿ ಅಂತ ಕೆರೆ ತೋಡಿಸುತ್ತಿದ್ದರಲ್ಲ, ಹಾಗೆ. ಮುಂದೆ ಫ್ಯೆಲ್‌ಬಾಕಾ, ನಟಿ ಇಂಗ್ರಿಡ್ ಬರ್ಗ್‌ಮನ್ ಬೇಸಿಗೆ ಕಳೆಯುತ್ತಿದ್ದ ದ್ವೀಪ ಇದರ ಹತ್ತಿರವೇ. ಕೊನೆಗೆ ಕೋಸ್ಟರ್ ದ್ವೀಪಗಳು. ಸ್ವೀಡನ್ನಿನ ಮೊದಲ ಸಾಗರ ರಾಷ್ಟ್ರೀಯ ಉದ್ಯಾನ ಅಲ್ಲಿ 2009ರಲ್ಲಿ ಆಯಿತು. ದಾರಿಯಲ್ಲಿ ಮೇಷ್ಟ್ರು ಗಾಳ ಬಿಟ್ಟು ನಾಲ್ಕು ಮ್ಯಾಕರೆಲ್ ಹಿಡಿದರು. ನಮ್ಮ ಬಂಗುಡೆಯ ದಾಯಾದಿ. ಉಪ್ಪು ಬೆಣ್ಣೆ ಹಾಕಿ ಹುರಿದರು, ನಾನು ಸುಮ್ಮನೆ ತಿಂದೆ.

ಈಗ ವಿಷಯಕ್ಕೆ ಬರೋಣ.

ನಾವು ಒಂಬತ್ತು ರಾತ್ರಿಯಲ್ಲಿ ಆರು ರಾತ್ರಿ ಒಂದು ಪೈಸೆ ಬಾಡಿಗೆ ಕೊಡದೆ, ಯಾರನ್ನೂ ಕೇಳದೆ, ಯಾರದೋ ದ್ವೀಪಕ್ಕೆ ದೋಣಿ ಕಟ್ಟಿ ಮಲಗಿದೆವು. ಮೊದಲ ರಾತ್ರಿ ನಾನು ಕೇಳಿದೆ, ಈ ಜಾಗ ಯಾರದು? ಮೇಷ್ಟ್ರು, "ಯಾರದೋ ಇರಬಹುದು, ಗೊತ್ತಿಲ್ಲ" ಅಂದರು! ಜಾಗ ಯಾರದು ಅಂತ ಗೊತ್ತಿಲ್ಲದೆ ರಾತ್ರಿ ಉಳಿಯುವುದು ನನ್ನಂಥ ಬ್ಯಾಂಕಿನವನಿಗೆ ಜೀರ್ಣವಾಗುವ ಮಾತೇ? ಆದರೆ ಅಲ್ಲಿ ಅದಕ್ಕೆ ಹೆಸರಿದೆ, ಅಲೆಮಾನ್ಸ್‌ರೆಟ್ಟನ್, ಎಲ್ಲರ ಹಕ್ಕು. ಭೂಮಿ ಖಾಸಗಿಯವರದ್ದಾದರೂ ಯಾರು ಬೇಕಾದರೂ ನಡೆಯಬಹುದು, ಈಜಬಹುದು, ದೋಣಿ ತಂಗಿಸಬಹುದು, ಒಂದು ರಾತ್ರಿ ಗುಡಾರ ಹಾಕಬಹುದು, ಕಾಡುಹಣ್ಣು ಕೊಯ್ಯಬಹುದು. ಮನೆಯ ಅಂಗಳಕ್ಕೆ ಹೋಗುವಂತಿಲ್ಲ, ಬೆಳೆ ತುಳಿಯುವಂತಿಲ್ಲ, ಹಕ್ಕಿಗಳು ಮೊಟ್ಟೆಯಿಡುವ ದ್ವೀಪಗಳಿಗೆ ನಿಗದಿ ಮಾಡಿದ ತಿಂಗಳಲ್ಲಿ ಇಳಿಯುವಂತಿಲ್ಲ. ಕಾಡಬೇಡಿ, ಕೆಡಿಸಬೇಡಿ, ಇಷ್ಟೇ ಷರತ್ತು. ಇದು ಹಳೇ ಪದ್ಧತಿ. 1994ರ ತಿದ್ದುಪಡಿಯಿಂದ ಸಂವಿಧಾನದಲ್ಲೂ ಇದರ ಹೆಸರು ಸೇರಿದೆ. ಕರಾವಳಿಯ ಉದ್ದಕ್ಕೂ ಕೈಗಾಳದಿಂದ ಮೀನು ಹಿಡಿಯುವುದಕ್ಕೂ ಯಾರ ಅಪ್ಪಣೆ ಬೇಡ.

ಇದರ ಜೊತೆಗೆ ಇನ್ನೊಂದಿದೆ. ನೀರಿನಂಚಿನಿಂದ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ದಡದ ಕಡೆಗೂ ನೂರು, ನೀರಿನ ಕಡೆಗೂ ನೂರು. ಕೆಲವು ಕಡೆ ಮುನ್ನೂರು. 1950ರ ದಶಕದಿಂದ ಶುರುವಾದ ಈ ಕಾನೂನು 1975ರಲ್ಲಿ ಇಡೀ ದೇಶಕ್ಕೆ ಬಂತು. ಉದ್ದೇಶ ಪರಿಸರ ಒಂದೇ ಅಂದುಕೊಳ್ಳಬೇಡಿ. ಮೊದಲ ಉದ್ದೇಶ, ಸಾಮಾನ್ಯ ಜನ ದಡಕ್ಕೆ ಹೋಗಲು ದಾರಿ ಉಳಿಯಬೇಕು ಅನ್ನುವುದು. ಆ ಕಾಲದಲ್ಲಿ ಪಟ್ಟಣದ ಕೆಲಸಗಾರರಿಗೆ ರಜೆ ಸಿಗತೊಡಗಿತ್ತು. ಬೇಸಿಗೆಯಲ್ಲಿ ಅವರು ಈಜಲು ಹೋದರೆ ದಡದ ತುಂಬ ಹಣವಂತರ ಬೇಲಿ ಇರಬಾರದಲ್ಲ? ಹಾಗಂತ ಅಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರಲ್ಲ. ವಿನಾಯಿತಿ ಕೊಡುವ ಮುನ್ಸಿಪಾಲಿಟಿಗಳಿವೆ. ಪ್ರೈವೇಟ್ ಅಂತ ಬೋರ್ಡು ನೆಟ್ಟು ಹೆದರಿಸುವ ಮನೆಯವರಿದ್ದಾರೆ. ನಾನೇ ಎರಡು ನೋಡಿದೆ. ಆದರೆ ಅಂಥ ಬೋರ್ಡನ್ನು, ಅಂಥ ಕಟ್ಟೆಯನ್ನು ಕೀಳಿಸುವ ಅಧಿಕಾರ ಮುನ್ಸಿಪಾಲಿಟಿಗಿದೆ, ಕೀಳಿಸಿದ್ದೂ ಇದೆ.

ಇನ್ನು ಆ 'ಕ್ಲೀನು'. ಭಾಷಣಕಾರರ ಪ್ರಿಯವಾದ ವಿಷಯ. ನಿಮಗೆ ಗೊತ್ತೇ, ಈ ಬೋಹುಸ್‌ಲೆನ್ ತೀರ ಯುರೋಪಿನಲ್ಲೇ ಅತಿ ಹೆಚ್ಚು ಕಡಲಕಸ ಬಂದು ಬೀಳುವ ತೀರಗಳಲ್ಲೊಂದು! ಉತ್ತರ ಸಮುದ್ರದ ಪ್ರವಾಹ ಡೆನ್ಮಾರ್ಕಿನ ಮಗ್ಗುಲಲ್ಲಿ ತಿರುಗಿ, ನಾಲ್ಕಾರು ದೇಶದ ಪ್ಲಾಸ್ಟಿಕ್ಕು, ಬಲೆ ಚೂರು, ಹಗ್ಗ ಎಲ್ಲವನ್ನೂ ತಂದು ಈ ಬಂಡೆಗಳ ಸಂದಿಗೆ ಒಗೆಯುತ್ತದೆ. ನೀವು ಜುಲೈಯಲ್ಲಿ ಹೋಗಿ ನೋಡುವಾಗ ಕ್ಲೀನಾಗಿರುವುದು ಯಾರೋ ಅದನ್ನು ಹೆಕ್ಕಿರುವುದರಿಂದ. ಪಂಚಾಯತಿ ಹಣ, ಸರ್ಕಾರದ ಅನುದಾನ, ಸಂಬಳದ ಜನ, ದೋಣಿಯಲ್ಲಿ ಹೋಗಿ ಮೂಟೆ ಕಟ್ಟಿ ತರುತ್ತಾರೆ. ಪ್ರತಿ ವರ್ಷ. ಜನ ಹೆಚ್ಚು ತಂಗುವ ದ್ವೀಪಗಳಲ್ಲಿ ಪಾಯಖಾನೆ ಇದೆ. ಅದನ್ನು ಖಾಲಿ ಮಾಡಲು ದೋಣಿ ಬರುತ್ತದೆ. 2015ರ ಏಪ್ರಿಲ್ ಒಂದರಿಂದ ಮೋಜಿನ ದೋಣಿಗಳು ಪಾಯಖಾನೆಯ ಹೊಲಸನ್ನು ಸಮುದ್ರಕ್ಕೆ ಬಿಡುವಂತಿಲ್ಲ. ಗಮನಿಸಿ, 2015! ಅಲ್ಲಿಯ ತನಕ ಬಿಡುತ್ತಿದ್ದರು ಸ್ವಾಮಿ, ಅದೇ ರಕ್ತದವರು! ಕಾನೂನಿನ ಜೊತೆ ಬಂದರುಗಳಲ್ಲಿ ಅದನ್ನು ಹೀರಿ ತೆಗೆಯುವ ಪಂಪನ್ನೂ ಇಡಿಸಿದರು. ಮೇಷ್ಟ್ರು ಎರಡು ಕಡೆ ದೋಣಿ ನಿಲ್ಲಿಸಿ, ಕೈಗವಸು ಹಾಕಿ, ಮುಖ ಸಿಂಡರಿಸಿ ಆ ಕೆಲಸ ಮಾಡಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಪಂಪು ಇಡದೆ ಬರೀ ದಂಡದ ಬೋರ್ಡು ಹಾಕಿದ್ದರೆ ಅವರೂ ರಾತ್ರಿ ಗುಟ್ಟಾಗಿ ಬಿಡುತ್ತಿದ್ದರು ಅಂತ ನನ್ನ ಗಟ್ಟಿ ಅನುಮಾನ.

ರಕ್ತದ ಮಾತು ಬಂದದ್ದರಿಂದ ಸ್ವಲ್ಪ ಇತಿಹಾಸ. 1747ರಿಂದ 1809ರ ತನಕ ಈ ತೀರಕ್ಕೆ ಹೆರಿಂಗ್ ಮೀನು ಲೆಕ್ಕವಿಲ್ಲದಷ್ಟು ಬಂತು. ನಮ್ಮಲ್ಲಿ ಬೈಗೆ, ತಾರ್ಲೆ ಬಂದ ವರ್ಷ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರಲ್ಲ, ಅದಕ್ಕಿಂತ ಜೋರು. ಆ ಮೀನನ್ನು ಬೇಯಿಸಿ ಎಣ್ಣೆ ತೆಗೆಯುವ ಕಾರ್ಖಾನೆಗಳು ಸಾಲಾಗಿ ಎದ್ದವು, ಎಣ್ಣೆ ದೊಡ್ಡ ಪಟ್ಟಣಗಳ ದೀಪಕ್ಕೆ ಹೋಯಿತು. ಉಳಿದ ರಾಡಿಯನ್ನು ನೇರ ಕಡಲಿಗೆ ಬಿಟ್ಟರು. ನಾತ, ಕೊಳೆ, ಕೆಸರು. ಕಡಲಿನ ತಳ ಹಾಳಾಯಿತು, ಮೀನು ದೂರ ಹೋಯಿತು ಅಂತ ದೂರಿನ ಮೇಲೆ ದೂರು ಬಂದು, ಕೊನೆಗೆ ಸರ್ಕಾರ ವಿಚಾರಣೆ ನಡೆಸಿ 1784ರಲ್ಲಿ ಅದರ ದಾಖಲೆಯನ್ನೇ ಅಚ್ಚು ಹಾಕಿಸಿತು. ಕಾರ್ಖಾನೆಗೆ ಸೌದೆ ಬೇಕಲ್ಲ, ಸುತ್ತಲಿನ ಮರಗಳೂ ಹೋದವು. ಇವತ್ತು ನಾವು "ವಾಹ್, ಏನು ಬೋಳು ಬಂಡೆಗಳ ಸೌಂದರ್ಯ" ಅಂತ ಫೋಟೋ ತೆಗೆಯುವ ಬೋಳಿನಲ್ಲಿ ಒಂದು ಪಾಲು ಆ ಕಡಿತದ್ದು. ಡಿಸಿಪ್ಲಿನ್ನು ಆಗ ಎಲ್ಲಿಗೆ ಹೋಗಿತ್ತೋ!

ಕಡಲಿನ ಅಪಾಯದ ವಿಷಯವೂ ಹಾಗೇ. ಅಲ್ಲಿ ಕಡಲ ರಕ್ಷಣೆಯ ಒಂದು ಸಂಸ್ಥೆ ಇದೆ, 1907ರಲ್ಲಿ ಶುರುವಾದದ್ದು. ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು. ಕರೆ ಬಂದ ಹದಿನೈದು ನಿಮಿಷದೊಳಗೆ ದೋಣಿ ಹೊರಡಬೇಕು ಅನ್ನುವುದು ನಿಯಮ. ಸದಸ್ಯರ ಚಂದಾ ಮತ್ತು ದೇಣಿಗೆಯಿಂದ ನಡೆಯುತ್ತದೆ. ಮೇಷ್ಟ್ರ ಗೋಡೆಯ ಮೇಲೆ ಚಂದಾ ರಶೀದಿಯ ಸ್ಟಿಕ್ಕರು. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅದೇ ತಿಂಗಳು ಮುಂಬಯಿಯಲ್ಲಿ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ನಮ್ಮ ಸೊಸೈಟಿಯ ವಾಟ್ಸಪ್ಪಿನಲ್ಲಿ ಬಂದ ಮೊದಲ ಕಾಮೆಂಟು ಏನು ಗೊತ್ತೇ? "ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ." ಮುಳುಗಿ ಸತ್ತ ಹೈಸ್ಕೂಲು ಹುಡುಗಿಗೆ ಸಿವಿಕ್ ಸೆನ್ಸ್! ಎಷ್ಟು ಲೈಫ್‌ಗಾರ್ಡ್ ಇದ್ದಾರೆ, ಅವರಿಗೆ ಸಂಬಳ ತಿಂಗಳಿಗೆ ಸರಿಯಾಗಿ ಸಿಗುತ್ತದೆಯೇ, ದಡದಲ್ಲಿ ದೋಣಿ ಇದೆಯೇ, ಒಂದು ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ.

ಹಾಗಾದರೆ ಅವರದ್ದೇ ಮಾದರಿ ಅಂತ ತಂದು ಇಲ್ಲಿ ಅಂಟಿಸಿಬಿಡೋಣವೇ? ಅದೂ ಬೇಡ. ಅವರದ್ದರಲ್ಲಿ ಒಂದು ದೊಡ್ಡ ತೂತಿದೆ, ಅದನ್ನು ಟೂರಿಸ್ಟು ನೋಡುವುದಿಲ್ಲ.

ಗುಲ್‌ಹೋಲ್ಮೆನ್‌ನ ಸಣ್ಣ ಓಣಿಯಲ್ಲಿ ನಡೆಯುವಾಗ ನಾನು, ಇಲ್ಲಿ ಚಳಿಗಾಲದಲ್ಲಿ ಎಷ್ಟು ಮನೆಗೆ ದೀಪ ಹತ್ತುತ್ತದೆ ಅಂತ ಕೇಳಿದೆ. ಮೇಷ್ಟ್ರ ಹೆಂಡತಿ ಬೆರಳು ಮಡಚಿ ಎಣಿಸತೊಡಗಿದರು. ಎಣಿಸಲು ಕೈ ಬೆರಳು ಸಾಕಾಗುವಂಥ ಓಣಿ ಅದು. ಬೇಸಿಗೆಯಲ್ಲಿ ನೂರಾರು ಜನ, ಸೆಪ್ಟೆಂಬರ್ ಬಂದರೆ ಬೀಗ. ಈ ಮನೆಗಳನ್ನು ಕಟ್ಟಿದ್ದು ಮೀನುಗಾರರು ಮತ್ತು ಗ್ರಾನೈಟ್ ಕ್ವಾರಿಯ ಕಲ್ಲುಕುಟಿಗರು. ಮೀನು ಕಮ್ಮಿಯಾಯಿತು, ಕ್ವಾರಿಗಳು ಮುಚ್ಚಿದವು, ಮಕ್ಕಳು ಪಟ್ಟಣಕ್ಕೆ ಹೋದರು. ಇಲ್ಲಿಯ ತನಕ ನಮ್ಮ ಕಥೆಯೇ. ಆಮೇಲೆ ಪಟ್ಟಣದವರು ಬೇಸಿಗೆ ಮನೆ ಅಂತ ಕೊಳ್ಳತೊಡಗಿದರು. ಒಂದು ಮನೆ ದೊಡ್ಡ ಬೆಲೆಗೆ ಹೋದರೆ ಪಕ್ಕದ ಮನೆಯ ಮೌಲ್ಯವೂ ಏರುತ್ತದೆ, ಇದು ವ್ಯಾಲ್ಯುಯೇಶನ್ ರಿಪೋರ್ಟ್ ಓದುವ ನಮಗೆ ಗೊತ್ತಿದ್ದದ್ದೇ. ಅಲ್ಲಿ ಆಗ ಮನೆಯ ಮೌಲ್ಯದ ಮೇಲೆ ಪ್ರತಿವರ್ಷ ತೆರಿಗೆ ಇತ್ತು. ಅಜ್ಜನ ಕಾಲದಿಂದ ಅಲ್ಲೇ ಇರುವ ಮುದುಕ ಮೀನುಗಾರನ ಆದಾಯ ಏರಲಿಲ್ಲ, ತೆರಿಗೆ ಏರಿತು. ಮಾರಿ ಹೋದವರು ಎಷ್ಟೋ. 2008ರಲ್ಲಿ ಆ ತೆರಿಗೆ ತೆಗೆದು ಮಿತಿಯಿರುವ ಒಂದು ಶುಲ್ಕ ಮಾಡಿದರು, ಆದರೆ ಅಷ್ಟರೊಳಗೆ ಹೋದವರು ವಾಪಸು ಬರುತ್ತಾರೆಯೇ? ಪಕ್ಕದ ನಾರ್ವೆಯ ಕೆಲವು ಪಂಚಾಯತಿಗಳಲ್ಲಿ ಮನೆ ಕೊಂಡವನು ಅಲ್ಲೇ ವಾಸ ಮಾಡಬೇಕು ಅನ್ನುವ ಕಾಯ್ದೆ ಇದೆ. ಸ್ವೀಡನ್ನಿನಲ್ಲಿ ಇಲ್ಲ. ಊರಿನ ಅಂಗಡಿ, ಶಾಲೆ ಚಳಿಗಾಲದಲ್ಲಿ ಯಾರನ್ನು ನಂಬಿ ನಡೆಯಬೇಕು? ದಡ ಎಲ್ಲರದೂ ಆಗಿ ಉಳಿಯಿತು, ಊರು ಮಾತ್ರ ಊರಿನವರ ಕೈ ತಪ್ಪಿತು.

ನಮ್ಮ ಕರಾವಳಿಯಲ್ಲಿ ಎರಡೂ ಒಟ್ಟಿಗೆ ಕೈ ತಪ್ಪುತ್ತಿವೆ. ಕಾಗದದ ಮೇಲೆ ನಮ್ಮ ಕಾನೂನು ಅವರಿಗಿಂತ ಕಡಿಮೆಯೇನಿರಲಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರ್ ತನಕ ನಿಯಂತ್ರಣ ಅಂದಿತು. ಹಳ್ಳಿಗಾಡಿನಲ್ಲಿ ಮೊದಲ 200 ಮೀಟರಿನಲ್ಲಿ ಕಟ್ಟಡವೇ ಇಲ್ಲ. ಸ್ವೀಡನ್ನಿನ ಎರಡು ಪಟ್ಟು! 2019ರ ಅಧಿಸೂಚನೆಯಲ್ಲಿ, ಜನಸಾಂದ್ರತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿರುವ ಹಳ್ಳಿಗಳಿಗೆ ಅದು 50 ಮೀಟರಿಗೆ ಇಳಿಯಿತು. ಇನ್ನು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಿಮಾಚಲದಲ್ಲಿ ಬಿಯಾಸ್ ನದಿಯನ್ನೇ ತಿರುಗಿಸಿಕೊಂಡ ಒಂದು ರೆಸಾರ್ಟಿನ ಕೇಸಿನಲ್ಲಿ, ನದಿ, ಸಮುದ್ರದ ದಡ, ಗಾಳಿ, ಕಾಡು ಇವು ಸಾರ್ವಜನಿಕರ ಸ್ವತ್ತು, ಸರ್ಕಾರ ಬರೀ ಟ್ರಸ್ಟಿ ಅಂತ ಹೇಳಿದೆ. ಟ್ರಸ್ಟಿ ಅಂದರೆ ಏನು ಅಂತ ಬ್ಯಾಂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟ್ರಸ್ಟಿಗೆ ಆಸ್ತಿ ಕಾಯುವ ಕೆಲಸ, ಮಾರುವ ಕೆಲಸ ಅಲ್ಲ.

ಕರ್ನಾಟಕದ್ದು ಸುಮಾರು 320 ಕಿಲೋಮೀಟರ್ ತೀರ. ಅದರಲ್ಲಿ ಕಾರವಾರ, ಅಂಕೋಲೆಯ ದೊಡ್ಡ ತುಂಡು ಸೀಬರ್ಡ್ ನೌಕಾನೆಲೆಗೆ ಹೋಯಿತು. ದೇಶಕ್ಕೆ ಬೇಕಿತ್ತು, ಸಾವಿರಾರು ಕುಟುಂಬ ಎದ್ದು ಹೋದವು, ಪರಿಹಾರಕ್ಕಾಗಿ ಕೋರ್ಟಿಗೆ ಅಲೆದು ಮುದುಕರಾದವರನ್ನು ನಾನು ಬಲ್ಲೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಕಡಲಾಮೆ ಮೊಟ್ಟೆಯಿಡುವ ದಂಡೆ ಅದು. ಅಂಕೋಲೆಯ ಕೇಣಿಯಲ್ಲಿ 2025ರಲ್ಲಿ ಬಂದರಿನ ವಿರುದ್ಧ ಊರಿಗೆ ಊರೇ ಬೀದಿಗಿಳಿಯಿತು. ಮುಂಬಯಿಯಲ್ಲಿ ನಮ್ಮ ಕಣ್ಣೆದುರೇ ಕೋಸ್ಟಲ್ ರೋಡ್. ಸೇತುವೆಯ ಕಂಬಗಳ ನಡುವೆ 60 ಮೀಟರ್ ಬಿಟ್ಟರೆ ನಮ್ಮ ದೋಣಿ ಹೇಗೆ ದಾಟಬೇಕು ಅಂತ ವರಳಿ ಕೋಳಿವಾಡದವರು ಕೆಲಸ ನಿಲ್ಲಿಸಿ ಕೂತು, ಅದನ್ನು 120 ಮೀಟರ್ ಮಾಡಿಸಿಕೊಂಡರು. ಆಗ ನಮ್ಮವರು ಏನಂದರು? "ಇವರಿಂದ ಡೆವಲಪ್‌ಮೆಂಟ್ ನಿಂತುಹೋಯಿತು." ಕಾರಿನಲ್ಲಿ ಹದಿನೈದು ನಿಮಿಷ ಉಳಿಸುವವನು ಡೆವಲಪ್ಡು, ದೋಣಿ ದಾಟಿಸಲು ಜಾಗ ಕೇಳುವವನು ಅಡ್ಡಗಾಲು! ಇದೇ ಮನುಷ್ಯರು ಸ್ಮೋಗೆನ್‌ನಲ್ಲಿ ಬಲೆ ಒಣಹಾಕಿದ್ದನ್ನು ಕಂಡರೆ, ಆಹಾ, ಎಂಥ ಜೀವಂತ ಸಂಸ್ಕೃತಿ ಅಂತ ಸೆಲ್ಫಿ ತೆಗೆಯುತ್ತಾರೆ.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ನಮ್ಮ ಸಂಘದ ಇಪ್ಪತ್ತೆರಡು ಕುಟುಂಬಗಳು ಸೇರಿ ಗೋಕರ್ಣದಿಂದ ಸ್ವಲ್ಪ ದೂರದ ಒಂದು ಊರಿನಲ್ಲಿ, ಬೀಚಿಗೆ ತಾಗಿ ಮೂರು ಎಕರೆ ಕೊಳ್ಳುವ ಮಾತು ನಡೆದಿದೆ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಲ್ಲ, ಬಾಗಿಲು ತೆರೆದಿದೆ. ರಿಟೈರ್ ಆದ ಮೇಲೆ ಎಲ್ಲರೂ ಒಟ್ಟಿಗೆ ಇರೋಣ, ಕನ್ನಡ ಮಾತಾಡಿಕೊಂಡು, ಸಮುದ್ರ ನೋಡಿಕೊಂಡು. ಆಸೆ ತಪ್ಪಲ್ಲ. ಮೂವತ್ತು ಮೂವತ್ತೈದು ವರ್ಷ ವಿರಾರ್ ಫಾಸ್ಟಿನಲ್ಲಿ ನೇತಾಡಿದವರಿಗೆ ಒಂದಿಷ್ಟು ಗಾಳಿ ಬೇಕು. ಬ್ಯಾಂಕಿನವರು ಅಂತ ಕಾಗದಪತ್ರ ನನ್ನ ಕೈಗೆ ಕೊಟ್ಟರು. ಪಹಣಿ, ಸರ್ವೆ ಸ್ಕೆಚ್, ಇಸಿ ಎಲ್ಲ ಸರಿಯಿದೆ. ಪ್ಲಾನಿನಲ್ಲಿ ಸುತ್ತ ಏಳಡಿ ಕಾಂಪೌಂಡು, ಬೀಚಿನ ಕಡೆ ಒಂದು ಗೇಟು, ಅದಕ್ಕೆ ಕಾವಲುಗಾರ. ಗ್ರಾಮ ನಕಾಶೆ ತರಿಸಿ ನೋಡಿದೆ. ಆ ಮೂರು ಎಕರೆಯ ನಡುವೆ ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ ಹಾದುಹೋಗುತ್ತದೆ. ಕಾಲುದಾರಿ. ಹರಿಕಂತ್ರರ ಕೇರಿಯಿಂದ ನೇರ ದಂಡೆಗೆ.

ದೀಪಾವಳಿಗೆ ಊರಿಗೆ ಹೋದಾಗ ಹೋಗಿ ನಡೆದು ನೋಡಿದೆ. ದಾರಿ ಇದೆ, ದಿನಾ ತುಳಿದು ನುಣುಪಾಗಿದೆ. ಬೆಳಿಗ್ಗೆ ಹೆಂಗಸರು ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬರುತ್ತಾರೆ. ದಂಡೆಯ ಮೇಲೆ ದೋಣಿಗಳು, ಮೀನು ಒಣಹಾಕಿದ ಜಾಗ. ಒಬ್ಬ ಅಜ್ಜಿಯನ್ನು ಮಾತಾಡಿಸಿದೆ. "ರಂಪಣಿ ಎಳೀತಿದ್ರು ನಮ್ಮೋರು, ಈ ತುದಿಯಿಂದ ಆ ತುದಿ ತನಕ ಜನ ನಿಲ್ತಿದ್ರು. ಈಗ ಬಲೆಯೂ ಇಲ್ಲ, ಜನವೂ ಇಲ್ಲ. ನೀವು ಜಾಗ ನೋಡೂಕ್ ಬಂದ್ರಾ ಒಡೆಯಾ?" ಅಂದಳು. ಹೌದು ಅಮ್ಮಾ, ನೋಡಲು ಬಂದೆ ಅಂದೆ. ಅವಳು ಮತ್ತೇನೂ ಕೇಳಲಿಲ್ಲ, ಒಣಮೀನು ಮಗುಚಲು ಹೋದಳು.

ಆ ಕೇರಿಯ ಎಷ್ಟೋ ಮನೆಗಳಿಗೆ ಹಕ್ಕುಪತ್ರ ಇಲ್ಲ. ತಲೆತಲಾಂತರದಿಂದ ದಂಡೆಯಲ್ಲೇ ಇದ್ದಾರೆ, ಕಾಗದ ಇಲ್ಲ. 2018-19ರಿಂದ ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಬಂದಿದೆ. ಅಡಮಾನವಿಲ್ಲದೆ ಕೊಡುವ ಮಿತಿ 2025ರ ಜನವರಿಯಿಂದ 2 ಲಕ್ಷ. ಅದಕ್ಕಿಂತ ಮೇಲೆ ಬೇಕೆಂದರೆ ಅಡಮಾನ ಕೇಳುತ್ತೇವೆ, ಅವರ ಹತ್ತಿರ ಇಡಲು ಏನಿದೆ? ಅದೇ ದಂಡೆಯ ಮೇಲೆ ನಮ್ಮ ಇಪ್ಪತ್ತೆರಡು ಜನರಿಗೆ ಮನೆ ಕಟ್ಟಲು ಸಾಲ ಕೊಡಲು ಬ್ಯಾಂಕುಗಳು ಸಾಲುಗಟ್ಟುತ್ತವೆ. ಮೂವತ್ತು ವರ್ಷ ಈ ಕುರ್ಚಿಯಲ್ಲಿ ಕೂತವನು ಹೇಳುತ್ತಿದ್ದೇನೆ, ನಾವು ಸಾಲ ಕೊಡುವುದು ಕಾಗದಕ್ಕೆ. ಹಾಗಾಗಿ ಕಾಗದ ಇಲ್ಲದವನ ದಾರಿ ಕಾಗದ ಇದ್ದವನ ಕಾಂಪೌಂಡಿನೊಳಗೆ ಸೇರಿಹೋಗುವುದು ಬಹಳ ಸುಲಭ.

ಆದರೆ ಕಾನೂನು ಪೂರ್ತಿ ಕುರುಡಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಇನ್ನೂ ಜೀವಂತವಿದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ಹಕ್ಕಿನಿಂದ, ಅಡ್ಡಿಯಿಲ್ಲದೆ ಬಳಸಿದ ದಾರಿಯ ಮೇಲೆ ಬಳಸಿದವನಿಗೆ ಹಕ್ಕು ಹುಟ್ಟುತ್ತದೆ. ಇದನ್ನು ನಾನು ಸಂಘದ ಪದಾಧಿಕಾರಿಯೊಬ್ಬರಿಗೆ ಹೇಳಿದಾಗ ಅವರು ನಕ್ಕು, "ರಾಯರೇ, ಅವರಲ್ಲಿ ಕೋರ್ಟಿಗೆ ಹೋಗೋರು ಯಾರು? ಒಂದು ದೇವಸ್ಥಾನಕ್ಕೆ ದೇಣಿಗೆ ಕೊಟ್ಟರೆ ಮುಗೀತು" ಅಂದರು. ಅದೇ ಮಹಾಶಯರು ಹಿಂದಿನ ವರ್ಷ ಸ್ಕ್ಯಾಂಡಿನೇವಿಯಾ ಹೋಗಿಬಂದು ಸಂಘದಲ್ಲಿ ಸ್ಲೈಡ್ ಶೋ ಮಾಡಿದವರು. "ಎಲ್ಲಿ ಬೇಕಾದರೂ ನಡೆಯಬಹುದು ಕಣ್ರೀ, ಯಾರೂ ಕೇಳೋಲ್ಲ" ಅಂತ ಹೇಳಿದ್ದು ಅವರ ಬಾಯಿಂದಲೇ ನಾನು ಕೇಳಿದ್ದೇನೆ!

ಬರುವ ಭಾನುವಾರ ಸಂಜೆ ಐದಕ್ಕೆ ಸಭೆ. ನಾನು ಕೇಳುವುದು ಇಷ್ಟು. ಕಾಲುದಾರಿಯನ್ನು ಎಂಟಡಿ ಅಗಲ ಬಿಟ್ಟು, ಅದನ್ನು ಕ್ರಯಪತ್ರದಲ್ಲೇ ಬರೆಸಬೇಕು. ಬೀಚಿನ ಕಡೆ ಕಾಂಪೌಂಡೂ ಬೇಡ, ಗೇಟೂ ಬೇಡ. ಭರತದ ಗೆರೆ ಎಲ್ಲಿದೆ ಅಂತ ಅಧಿಕೃತ ನಕ್ಷೆಯಲ್ಲಿ ಗುರುತು ಮಾಡಿಸುವ ತನಕ ಯಾರೂ ಅಡ್ವಾನ್ಸ್ ಕೊಡಬಾರದು. ಮನೆ ಕಟ್ಟಿದವರು ವರ್ಷದಲ್ಲಿ ಎಷ್ಟು ತಿಂಗಳು ಅಲ್ಲಿರುತ್ತೀರಿ ಅಂತ ಈಗಲೇ ಹೇಳಬೇಕು. ಎರಡು ವಾರದ ಮೇ ರಜೆಗೆ ಇಪ್ಪತ್ತೆರಡು ಮನೆ ಬೇಡ, ನಾಲ್ಕು ಸಾಕು, ಸರದಿಯಲ್ಲಿ ಹೋಗಿ. ಒಪ್ಪದಿದ್ದರೆ ನಾನು ಆ ಫೈಲಿಗೆ ಸಹಿ ಹಾಕುವುದಿಲ್ಲ, ನನ್ನ ಪಾಲೂ ಬೇಡ. ಅಷ್ಟೇ ಅಲ್ಲ, ಗ್ರಾಮ ನಕಾಶೆಯ ಒಂದು ಪ್ರತಿಯನ್ನು ಆ ಕೇರಿಗೆ ಕಳಿಸಿದ್ದೇನೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಸಭೆಯಲ್ಲಿ ಆಶ್ಚರ್ಯ ಆಗುವುದು ಬೇಡ.

ಬೈಯುವವರು ಅಲ್ಲಿಗೇ ಬನ್ನಿ, ಎದುರಿಗೇ ಬೈಯಿರಿ. ಚಹಾ, ಬಟಾಟೆವಡೆ ಇದೆ.